ಮಗು ಏಳುವ ಮುಂಚೆ ಒಂದು ಬೆಟ್ಟ

ಮೈಸೂರಿಗೆ ‘ಟ್ರೇಲ್ ರನ್ನಿಂಗ್’ ಅನ್ನೋ ಮಾತು ಬಂದಿದ್ದು ಈಚೆಗೆ. ಟ್ರೇಲ್ ಮಾತ್ರ ಮುನ್ನೂರೈವತ್ತು ವರ್ಷದಿಂದ ಇದೆ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಚಾಮುಂಡಿ ಬೆಟ್ಟಕ್ಕೆ ಕಲ್ಲಿನ ಮೆಟ್ಟಿಲು ಹಾಕಿಸಿದರು. ಬೆಳಕು ಹರಿಯುವ ಹೊತ್ತಿಗೆ ಬೆಟ್ಟದ ಪಾದದ ಹತ್ತಿರ ನಿಂತು ನೋಡಿ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ರಿಟೈರ್ಡ್ ಮೇಷ್ಟ್ರು, ಎರಡೆರಡು ಮೆಟ್ಟಿಲು ಹಾರುವ ಕಾಲೇಜು ಹುಡುಗರು, ಅರಿಶಿನ-ಕುಂಕುಮದ ಬಟ್ಟಲು ಹಿಡಿದು ಒಂದೊಂದು ಮೆಟ್ಟಿಲಿಗೂ ಬಗ್ಗಿ ಹಚ್ಚುತ್ತಾ ಹತ್ತುವ ಹೆಂಗಸರು. ಸಾವಿರ ಮೆಟ್ಟಿಲು ಅಂದರೆ ಸಾವಿರ ಸಲ ಬಗ್ಗಿ ಏಳೋದು, ಅದೂ ಬರಿಗಾಲಲ್ಲಿ. ಯಾವ ಜಿಮ್ಮಿನಲ್ಲೂ ಈ ವರ್ಕೌಟ್ ಹೇಳಿಕೊಡಲ್ಲ.

ಮನೆಯಲ್ಲಿ ಪುಟ್ಟ ಮಗು ಇರುವವರಿಗೆ, ‘ಇನ್ನು ಓಟ, ಚಾರಣ ಎಲ್ಲಾ ಮುಗೀತು’ ಅಂತ ಶೂ ಎತ್ತಿ ಅಟ್ಟಕ್ಕೆ ಹಾಕಿದವರಿಗೆ ಈ ಬೆಟ್ಟದ ಬಗ್ಗೆ, ಅದಕ್ಕಿಂತ ಮುಂಚೆ ಬರುವ ಎರಡು ಕೆರೆಗಳ ಬಗ್ಗೆ ಹೇಳಬೇಕು ಅನ್ನಿಸಿತು. ನೀವು ಬೇರೆ ಊರಿನವರಾದರೆ ನಿಮ್ಮೂರಿನ ಕೆರೆ, ಗುಡ್ಡದ ಹೆಸರು ಹಾಕಿಕೊಂಡು ಓದಿ. ಲೆಕ್ಕ ಹೆಚ್ಚು ಕಮ್ಮಿ ಒಂದೇ.

ಒಂದೂವರೆ ಗಂಟೆಯ ಲೆಕ್ಕ

ನಮ್ಮ ಮಗಳಿಗೆ ಈಗ ಹನ್ನೊಂದು ತಿಂಗಳು. ನಾನೂ ನನ್ನ ಗಂಡನೂ ಇಬ್ಬರೂ ಕೆಲಸಕ್ಕೆ ಹೋಗುವವರು, ಇಬ್ಬರಿಗೂ ಓಟದ ಹುಚ್ಚು. ಮಗು ಹುಟ್ಟುವ ಮುಂಚೆ ಕೊಡಗು, ಚಿಕ್ಕಮಗಳೂರು ಅಂತ ಶುಕ್ರವಾರ ರಾತ್ರಿಯೇ ಹೊರಟುಬಿಡುತ್ತಿದ್ದೆವು. ಈಗ ಕೈಗೆ ಸಿಗೋದು ಬೆಳಗಿನ ಒಂದೂವರೆ ಗಂಟೆ. ಐದಕ್ಕೆ ಒಂದು ಸಲ ಹಾಲು ಕುಡಿದು ಮಲಗಿದರೆ ಏಳೂಕಾಲಿನವರೆಗೆ ಅವಳು ಏಳಲ್ಲ. ನಮ್ಮ ಟ್ರೇಲ್ ಅಷ್ಟರೊಳಗೆ ಮುಗಿಯಬೇಕು.

ಈ ಲೆಕ್ಕ ಹಾಕಿ ನೋಡಿದಾಗ ದೂರದ ಜಾಗಗಳೆಲ್ಲ ತಾವಾಗಿಯೇ ಪಟ್ಟಿಯಿಂದ ಬಿದ್ದುಹೋದವು. ಕುವೆಂಪುನಗರದ ನಮ್ಮ ಮನೆಯಿಂದ ಬೆಟ್ಟದ ಪಾದಕ್ಕೆ ಆ ಹೊತ್ತಿನ ಖಾಲಿ ರಸ್ತೆಯಲ್ಲಿ ಸ್ಕೂಟರಲ್ಲಿ ಕಾಲು ಗಂಟೆ ಚಿಲ್ಲರೆ. ಹತ್ತೋಕೆ ಅರ್ಧ ಗಂಟೆ, ಇಳಿಯೋಕೆ ಇಪ್ಪತ್ತೈದು ನಿಮಿಷ. ಐದೂವರೆಗೆ ಬಿಟ್ಟರೆ ಏಳಕ್ಕೆ ಮನೆ. ಇಪ್ಪತ್ತು ನಿಮಿಷಕ್ಕಿಂತ ದೂರ ಇರುವ ಯಾವ ಜಾಗವೂ ಪುಟ್ಟ ಮಗುವಿನ ಅಪ್ಪ-ಅಮ್ಮನಿಗೆ ವಾರದ ದಿನ ಆಗಿಬರಲ್ಲ. ವರ್ಷಕ್ಕೊಂದು ಸಲ ಹೋಗುವ ಕುದುರೆಮುಖಕ್ಕಿಂತ ವಾರಕ್ಕೆರಡು ಸಲ ಹೋಗುವ ಗುಡ್ಡ ಕಾಲಿಗೂ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು.

ಇಲ್ಲೊಂದು ತೊಡಕಿದೆ. ಮೈಸೂರಲ್ಲಿ ಜೂನ್ ತಿಂಗಳಲ್ಲಿ ಆರು ಗಂಟೆಗೆ ಮುಂಚೆಯೇ ಸೂರ್ಯ ಹುಟ್ಟುತ್ತಾನೆ. ಜನವರಿಯಲ್ಲಿ ಆರೂಮುಕ್ಕಾಲು ಆಗುತ್ತೆ. ಮಗುವಿನ ಗಡಿಯಾರ ಮಾತ್ರ ವರ್ಷವಿಡೀ ಒಂದೇ. ಹಾಗಾಗಿ ಚಳಿಗಾಲದಲ್ಲಿ ಬೆಟ್ಟ ಭಾನುವಾರಕ್ಕೆ ಮಾತ್ರ, ಮನೆಯಲ್ಲಿ ಇನ್ನೊಬ್ಬರು ಮಗು ನೋಡಿಕೊಳ್ಳಲು ಎದ್ದಿರುವ ದಿನ. ಕತ್ತಲಲ್ಲಿ ಬೆಟ್ಟ ಹತ್ತುವ ಸಾಹಸ ಬೇಡ. ಅದು ಮೀಸಲು ಅರಣ್ಯ, ಚಿರತೆ ಓಡಾಟ ಇರುವ ಜಾಗ.

ಬಾಣಂತನ ಮುಗಿದ ಮೇಲೆ ಮೊದಲು ಕೆರೆ

ಹೆರಿಗೆಯಾದ ಅಮ್ಮಂದಿರಿಗೆ ಬೆಟ್ಟ ಕೊನೆಯ ಪಾಠ. ಶುರು ಮಾಡಬೇಕಾದ್ದು ಸಮತಟ್ಟಾದ ಮಣ್ಣಿನ ಹಾದಿಯಲ್ಲಿ, ಅದೂ ನಡಿಗೆಯಿಂದ.

ನನ್ನ ಬಾಣಂತನ ತವರಲ್ಲಿ ನಡೀತು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಸಾಂಬ್ರಾಣಿ ಹೊಗೆ, ಊಟಕ್ಕೆ ಮೆಣಸಿನ ಸಾರು. ‘ಮೂರು ತಿಂಗಳು ಎಲ್ಲೂ ಅಲ್ಲಾಡಬೇಡ’ ಅಂತ ಅಮ್ಮ ಕಟ್ಟುನಿಟ್ಟು ಮಾಡಿದ್ದಳು. ಆಗ ಮೊಬೈಲಲ್ಲಿ ಹೆರಿಗೆ ನಂತರದ ಓಟದ ಬಗ್ಗೆ ಓದುತ್ತಾ ಕೂತಿದ್ದಾಗ, 2019ರಲ್ಲಿ ಬ್ರಿಟನ್ನಿನ ಫಿಸಿಯೋಥೆರಪಿಸ್ಟ್‌ಗಳು ಹೊರತಂದ ಒಂದು ಮಾರ್ಗಸೂಚಿ ಸಿಕ್ಕಿತು. ಮೊದಲ 12 ವಾರ ಓಟ ಬೇಡ, ನಡಿಗೆ ಮತ್ತು ಹಗುರ ವ್ಯಾಯಾಮ ಸಾಕು. ಮೂರರಿಂದ ಆರು ತಿಂಗಳ ನಡುವೆ, ದೇಹ ಸಿದ್ಧವಾಗಿದ್ದರೆ, ಓಟಕ್ಕೆ ಮರಳಬಹುದು ಅನ್ನೋದು ಅದರ ಸಾರ. 12 ವಾರ ಅಂದರೆ ಸರಿಸುಮಾರು ಮೂರು ತಿಂಗಳು. ಅಮ್ಮನಿಗೆ ಓದಿ ಹೇಳಿದೆ. ‘ಅದನ್ನ ಹೇಳಕ್ಕೆ ಇಂಗ್ಲೆಂಡಿನವರು ಬೇಕಿತ್ತಾ?’ ಅಂದಳು.

ಒಂದು ವ್ಯತ್ಯಾಸ ಇದೆ. ನಮ್ಮ ಬಾಣಂತನ ಮಲಗಿರು ಅನ್ನುತ್ತೆ. ಆ ಮಾರ್ಗಸೂಚಿ, ಮೊದಲ ವಾರಗಳಿಂದಲೇ ಉಸಿರಾಟದ ಜೊತೆ ಕೆಳಹೊಟ್ಟೆಯ, ಪೆಲ್ವಿಕ್ ಫ್ಲೋರ್ ಸ್ನಾಯುಗಳ ವ್ಯಾಯಾಮ ಮಾಡು, ಮೆಲ್ಲಗೆ ನಡಿಗೆ ಹೆಚ್ಚಿಸು ಅನ್ನುತ್ತೆ. ಮೂರು ತಿಂಗಳಾದ ಮೇಲೂ ಕ್ಯಾಲೆಂಡರ್ ನೋಡಿ ಓಡಬೇಡಿ, ದೇಹವನ್ನ ಕೇಳಿ ಅನ್ನುತ್ತೆ. ಕೇಳೋದು ಹೇಗೆ? ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ. ಅರ್ಧ ಗಂಟೆ ನಡಿಗೆ, ಒಂಟಿ ಕಾಲಲ್ಲಿ ಹತ್ತು ಸೆಕೆಂಡ್ ನಿಲ್ಲೋದು, ಒಂದೊಂದು ಕಾಲಲ್ಲಿ ಹತ್ತು ಸಲ ಕೂತು ಏಳೋದು, ನಿಂತಲ್ಲೇ ಒಂದು ನಿಮಿಷ ಜಾಗಿಂಗ್, ಒಂದೊಂದು ಕಾಲಲ್ಲಿ ಹತ್ತು ಸಲ ಕುಂಟೋದು. ಇಷ್ಟರಲ್ಲಿ ನೋವು ಬಂದರೆ, ಕೆಳಗೆ ಏನೋ ಭಾರ ಜಗ್ಗಿದಂತೆ ಅನ್ನಿಸಿದರೆ, ಮೂತ್ರ ಸೋರಿದರೆ ಇನ್ನೂ ಕಾಯಬೇಕು, ಡಾಕ್ಟರಿಗೆ ಅಥವಾ ಈ ವಿಷಯ ತಿಳಿದ ಫಿಸಿಯೋಗೆ ತೋರಿಸಬೇಕು. ಸಿಸೇರಿಯನ್ ಆದವರಂತೂ ಡಾಕ್ಟರ್ ಹೇಳದೆ ಓಡಲೇಬಾರದು.

ಸೋರುವ ವಿಷಯ ನಮ್ಮಲ್ಲಿ ಯಾರೂ ಬಾಯಿ ಬಿಟ್ಟು ಹೇಳಲ್ಲ. ‘ಹೆತ್ತ ಮೇಲೆ ಇದೆಲ್ಲ ಇದ್ದದ್ದೇ’ ಅಂತ ಸುಮ್ಮನಾಗುತ್ತಾರೆ. ಇದು ಬಹಳ ಮಂದಿಗೆ ಆಗುತ್ತೆ ಅನ್ನೋದು ನಿಜ. ಆದರೆ ಸರಿಯಾದ ವ್ಯಾಯಾಮದಿಂದ ಎಷ್ಟೋ ಜನಕ್ಕೆ ವಾಸಿಯೂ ಆಗುತ್ತೆ. ಸಹಿಸಿಕೊಂಡು ಬದುಕಬೇಕಾದ ಶಾಪ ಅಲ್ಲ ಇದು.

ನನಗೆ ನಡಿಗೆಗೆ ಸಿಕ್ಕಿದ್ದು ಲಿಂಗಾಂಬುಧಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ 1828ರಲ್ಲಿ ಕಟ್ಟಿಸಿದ ಕೆರೆ ಇದು. ಸುತ್ತ ಮರಗಳ ನಡುವೆ ಮಣ್ಣಿನ ದಾರಿ. ಕಾಂಕ್ರೀಟ್ ಅಲ್ಲ, ಟೈಲ್ಸ್ ಅಲ್ಲ, ಕಾಲಿಟ್ಟರೆ ಸ್ವಲ್ಪ ಒಳಗೆ ತಗೊಳ್ಳೋ ನೆಲ. ನಾಲ್ಕನೇ ತಿಂಗಳಿಡೀ ಅಲ್ಲಿ ಬರೀ ನಡೆದೆ. ಐದನೇ ತಿಂಗಳಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹತ್ತು ಸುತ್ತು ಮಾಡಿದರೆ ಅರ್ಧ ಗಂಟೆ ಆಯಿತು. ಕೈಗಡಿಯಾರದ ಆಪ್ ಅದನ್ನ ‘ನಿಧಾನ’ ಅಂತ ತೋರಿಸ್ತಾ ಇತ್ತು. ಅದಕ್ಕೇನು ಗೊತ್ತು?

ಆಮೇಲೆ ಕುಕ್ಕರಹಳ್ಳಿ ಕೆರೆ. ಇದೂ ಮುಮ್ಮಡಿಯವರ ಕಾಲದ್ದೇ, 1864ರದ್ದು. ಮಾನಸಗಂಗೋತ್ರಿಯ ಪಕ್ಕದಲ್ಲೇ ಇದೆ. ಕುವೆಂಪು ಅವರು ವಾಕಿಂಗ್ ಹೋಗುತ್ತಿದ್ದ ಕೆರೆ ಅಂತ ಮೈಸೂರಿನ ಯಾರನ್ನ ಕೇಳಿದರೂ ಹೇಳುತ್ತಾರೆ. ಏರಿಯ ಮೇಲೆ ಓಡುವಾಗ ಒಂದು ಕಡೆ ನೀರಲ್ಲಿ ಹೆಜ್ಜಾರ್ಲೆ, ನೀರುಕಾಗೆ. ಇನ್ನೊಂದು ಕಡೆ ಊರಿನ ಟ್ರಾಫಿಕ್ ಶಬ್ದ. ಸುತ್ತಿನಲ್ಲಿ ಅಲ್ಲಲ್ಲಿ ಬೇರು, ಕಲ್ಲು, ಸಣ್ಣ ಏರಿಳಿತ. ಟ್ರೇಲ್‌ನಲ್ಲಿ ಕಣ್ಣು ಎಲ್ಲಿಡಬೇಕು, ಕಾಲು ಹೇಗೆ ಎತ್ತಬೇಕು ಅನ್ನೋದು ಮರೆತುಹೋಗಿದ್ದರೆ ಇಲ್ಲಿ ವಾಪಸ್ ಬರುತ್ತೆ. ರಾತ್ರಿ ಮೂರು ಸಲ ಎದ್ದವರ ಗಮನ ಬೇಗ ತಪ್ಪುತ್ತೆ, ನೆನಪಿರಲಿ. ಹಿಂದಿನ ರಾತ್ರಿ ನಾಲ್ಕು ಗಂಟೆ ನಿದ್ದೆಯೂ ಆಗಿಲ್ಲದಿದ್ದರೆ ನಾನು ಓಡಲ್ಲ, ನಡೀತೀನಿ. ಕಲ್ಲಿನ ಮೇಲೆ ಕಾಲು ಉಳುಕಿಸಿಕೊಂಡು ಮನೆಗೆ ಬಂದರೆ ಮಗು ಎತ್ತಿಕೊಳ್ಳೋರು ಯಾರು?

ಬಾಗಿಲ ಪಕ್ಕದ ಚೀಲ

ಈಗ ಗೇರ್ ವಿಷಯ. ನಮ್ಮಂಥವರಿಗೆ ಸಾಮಾನಿನ ಗುಣ ಅಳೆಯೋದು ಒಂದೇ ಮಾತಲ್ಲಿ: ಹಾಸಿಗೆಯಿಂದ ಗೇಟಿನವರೆಗಿನ ಸಮಯವನ್ನ ಅದು ಕಮ್ಮಿ ಮಾಡುತ್ತಾ? ಮಾಡಿದರೆ ಬೇಕು. ಇಲ್ಲದಿದ್ದರೆ ಕಾಯಬಹುದು.

ಬಾಗಿಲ ಪಕ್ಕ ಒಂದು ಬಟ್ಟೆ ಚೀಲ ನೇತುಹಾಕಿದ್ದೀವಿ. ರಾತ್ರಿ ಮಗು ಮಲಗಿದ ಮೇಲೆ ಅದಕ್ಕೆ ಎಲ್ಲ ತುಂಬಿಡೋದು. ಬೆಳಗ್ಗೆ ಕತ್ತಲಲ್ಲಿ ಬೀರು ತೆಗೆದು ಕಿರ್ ಅನ್ನಿಸಿದರೆ ಕಥೆ ಮುಗೀತು. ಚೀಲದಲ್ಲಿ ಇರೋದು ಇಷ್ಟು.

ಶೂ. ಹೆರಿಗೆಯ ನಂತರ ಕೆಲವರ ಪಾದ ಸ್ವಲ್ಪ ಉದ್ದವೂ ಚಪ್ಪಟೆಯೂ ಆಗುತ್ತೆ, ಮೊದಲ ಮಗುವಾದಾಗ ಹೆಚ್ಚು. ಹಳೇ ಶೂ ಬಿಗಿ ಅನ್ನಿಸಿದರೆ ನಿಮ್ಮ ಭ್ರಮೆ ಅಲ್ಲ. ಸಂಜೆ ಹೊತ್ತು, ಓಡುವಾಗ ಹಾಕುವ ಸಾಕ್ಸ್ ಹಾಕಿಕೊಂಡೇ ಅಂಗಡಿಗೆ ಹೋಗಿ ಅಳತೆ ನೋಡಿ. ಹೆಬ್ಬೆರಳ ಮುಂದೆ ಒಂದು ಬೆರಳಷ್ಟು ಜಾಗ ಬಿಡಿ, ಇಳಿಯುವಾಗ ಉಗುರು ಉಳಿಯುತ್ತೆ. ಟ್ರೇಲ್ ಶೂಗಳ ಅಡಿಯಲ್ಲಿ ರಬ್ಬರ್ ಹಲ್ಲುಗಳಿರುತ್ತವಲ್ಲ, ಲಗ್ ಅಂತಾರೆ, ಅವು ಆಳವಾಗಿದ್ದಷ್ಟೂ ಒಳ್ಳೆಯದು ಅಂತ ಅಂಗಡಿ ಹುಡುಗ ಹೇಳಬಹುದು. ಕೆಸರಲ್ಲಿ ಅದು ನಿಜ. ನೂರಾರು ವರ್ಷ ಜನರ ಕಾಲು ತಾಗಿ ನುಣುಪಾದ ಬೆಟ್ಟದ ಕಲ್ಲಿಗೆ, ಕೆರೆಯ ಒಣ ಮಣ್ಣಿಗೆ ಮೂರ್ನಾಲ್ಕು ಮಿಲಿಮೀಟರ್ ಲಗ್ ಸಾಕು. ಕಲ್ಲಿನ ಮೇಲೆ ಹಿಡಿತ ಕೊಡೋದು ಹಲ್ಲಿನ ಆಳಕ್ಕಿಂತ ಹೆಚ್ಚಾಗಿ ರಬ್ಬರಿನ ಮೆದುತನ. ನನ್ನ ಜೋಡಿ ಮೂರೂವರೆ ಸಾವಿರದ ಒಳಗಿನದು. ಡೈಪರ್ ಖರ್ಚು ಇರುವ ಮನೆಯಲ್ಲಿ ಅದಕ್ಕಿಂತ ಮೇಲೆ ಹೋಗುವ ಅಗತ್ಯ ಕಾಣಲಿಲ್ಲ.

ಒಳ ಉಡುಪು. ಹಾಲುಣಿಸುವ ಅಮ್ಮಂದಿರಿಗೆ ಶೂಗಿಂತ ಮುಖ್ಯ ಇದು. ಮುಂದೆ ಜಿಪ್ ಇರುವ ಸ್ಪೋರ್ಟ್ಸ್ ಬ್ರಾ ತಗೊಳ್ಳಿ, ಹಳೇ ಸೈಜಲ್ಲಿ ಅಲ್ಲ, ಈಗಿನ ಸೈಜಲ್ಲಿ. ಹೊರಡುವ ಮುಂಚೆ ಮಗುವಿಗೆ ಕುಡಿಸಿ ಅಥವಾ ಪಂಪ್ ಮಾಡಿ. ತುಂಬಿದ ಎದೆಯಲ್ಲಿ ಓಡೋದು ಹಿಂಸೆ. ತುಂಬಾ ಬಿಗಿಯಾದದ್ದನ್ನ ಗಂಟೆಗಟ್ಟಲೆ ಹಾಕಿಕೊಂಡರೆ ಹಾಲು ಕಟ್ಟಿಕೊಳ್ಳಬಹುದು, ಬಂದ ತಕ್ಷಣ ಬದಲಿಸಿ.

ತಲೆಗೆ ಕಟ್ಟುವ ದೀಪ. ಮೊಬೈಲ್ ಟಾರ್ಚ್ ಹಿಡಿದರೆ ಒಂದು ಕೈ ಕೆಲಸಕ್ಕೆ ಬರಲ್ಲ, ಎಡವಿದಾಗ ಊರಲು ಎರಡೂ ಕೈ ಬೇಕು. ಇನ್ನೂರು ಲ್ಯೂಮೆನ್ಸ್ ಇದ್ದರೆ ಕೆರೆ ದಂಡೆಗೆ ಧಾರಾಳ. ಕೆಂಪು ದೀಪದ ಬಟನ್ ಇರುವುದನ್ನ ನೋಡಿ ತಗೊಳ್ಳಿ. ರಾತ್ರಿ ಡೈಪರ್ ಬದಲಿಸುವಾಗ ಮಗುವಿಗೆ ಎಚ್ಚರವಾಗಲ್ಲ. ನಮ್ಮ ಮನೆಯಲ್ಲಿ ಅದು ಟ್ರೇಲ್‌ಗಿಂತ ತೊಟ್ಟಿಲ ಹತ್ತಿರವೇ ಹೆಚ್ಚು ಉರಿದಿದೆ.

ಸೊಂಟದ ಬೆಲ್ಟು. ಫೋನು, ಸ್ಕೂಟರ್ ಕೀ, ಒಂದು ಸೀಟಿ, ಐವತ್ತು ರೂಪಾಯಿ. ಫೋನ್ ಸೈಲೆಂಟ್‌ನಲ್ಲಿ ಇಡಬೇಡಿ, ಮನೆಯಿಂದ ಕರೆ ಬರಬಹುದು.

ನೀರು. ಅರ್ಧ ಲೀಟರಿನ ಮೆತ್ತಗಿನ ಬಾಟಲಿ. ಹಾಲುಣಿಸುವವರಿಗೆ ಬಾಯಾರಿಕೆ ಜಾಸ್ತಿ, ಹೊರಡುವ ಮುಂಚೆ ಒಂದು ದೊಡ್ಡ ಲೋಟ ಕುಡಿದೇ ಹೊರಡಿ. ಒಂದು ಬಾಳೆಹಣ್ಣು ಅಥವಾ ನಾಲ್ಕು ಖರ್ಜೂರ.

ಗಾಳಿಅಂಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಚಿದರೆ ಮುಷ್ಟಿಯಲ್ಲಿ ಹಿಡಿಯುವಂಥ ತೆಳು ವಿಂಡ್‌ಚೀಟರ್. ಬೆಟ್ಟದ ಮೇಲೆ ಬೆವರು ಆರುವಾಗ ಗಾಳಿ ಚುರುಕಾಗಿರುತ್ತೆ.

ಬೇಡದ್ದು ಯಾವುದು? ಹನ್ನೆರಡು ಲೀಟರಿನ ಬೆನ್ನುಚೀಲ, ಕಾರ್ಬನ್ ಕೋಲು, ನಲವತ್ತು ಸಾವಿರದ ವಾಚು. ನೀರು ಸಿಗದ ಜಾಗದಲ್ಲಿ ಎರಡು ಗಂಟೆಗಿಂತ ಹೆಚ್ಚು ಓಡುವವರಿಗೆ ಬೆನ್ನುಚೀಲ ಬೇಕು. ನಮಗೆ ಆ ಕಾಲ ಬಂದಾಗ ನೋಡೋಣ. ಆಫರ್ ನೋಡಿ ರಾತ್ರಿ ಹನ್ನೊಂದಕ್ಕೆ ಕಾರ್ಟಿಗೆ ಹಾಕುವ ಆಸೆ ನಮ್ಮೆಲ್ಲರಿಗೂ ಇದೆ. ಓಡಲಾಗದ ದಿನಗಳಲ್ಲಿ ಸಾಮಾನು ಕೊಂಡರೆ ಓಡಿದಷ್ಟೇ ಸಮಾಧಾನ ಆಗುತ್ತೆ. ಆ ಹೊತ್ತು ಮಲಗಿದರೆ ಬೆಳಗ್ಗೆ ನಿಜವಾಗಿಯೂ ಓಡಬಹುದು.

ಮೆಟ್ಟಿಲ ಮೇಲೆ

ಏಳನೇ ತಿಂಗಳಲ್ಲಿ ನಾನು ಬೆಟ್ಟಕ್ಕೆ ಹೋದೆ. ಮೊದಲ ಕೆಲವು ಸಲ ಓಟದ ಮಾತೇ ಇಲ್ಲ, ಚುರುಕಾಗಿ ಹತ್ತೋದಷ್ಟೇ. ಇನ್ನೂರು ಮೀಟರಿಗೂ ಮೀರಿದ ಏರನ್ನ ಸಾವಿರ ಮೆಟ್ಟಿಲಲ್ಲಿ ಹತ್ತುವಾಗ ನಡಿಗೆಯಲ್ಲೇ ಎದೆ ಬಡಿತ ಓಟದಷ್ಟು ಏರುತ್ತೆ, ಆದರೆ ಕಾಲು ನೆಲಕ್ಕೆ ಬಡಿಯುವ ಹೊಡೆತ ಓಟಕ್ಕಿಂತ ಎಷ್ಟೋ ಕಡಿಮೆ. ಹೆರಿಗೆಯಾದ ದೇಹಕ್ಕೆ ಇದು ಬಹಳ ಒಳ್ಳೆಯ ವ್ಯಾಪಾರ.

ಶುರುವಿನಲ್ಲೇ ಜೋರು ಮಾಡಿದವರು ಇನ್ನೂರನೇ ಮೆಟ್ಟಿಲಿಗೆ ಪಕ್ಕಕ್ಕೆ ಕೂತಿರುತ್ತಾರೆ. ಮೊಣಕಾಲ ಮೇಲೆ ಕೈಯಿಟ್ಟು ತಳ್ಳುತ್ತಾ, ಮಾತಾಡಲು ಆಗುವಷ್ಟು ಉಸಿರು ಉಳಿಸಿಕೊಂಡು ಹತ್ತಿ. ಹಿಂತಿರುಗಿ ನೋಡಿದರೆ ಊರು ಒಂದೊಂದಾಗಿ ತೆರೆದುಕೊಳ್ಳುತ್ತೆ. ಲಲಿತ ಮಹಲಿನ ಬಿಳಿ ಗುಮ್ಮಟ, ರೇಸ್ ಕೋರ್ಸಿನ ಹಸಿರು, ಕಾರಂಜಿ ಕೆರೆ. ಏಳುನೂರನೇ ಮೆಟ್ಟಿಲ ಹತ್ತಿರ ನಂದಿ. ಒಂದೇ ಬಂಡೆಯಲ್ಲಿ ಕಡೆದ, ಸುಮಾರು 15 ಅಡಿ ಎತ್ತರದ ಮೂರ್ತಿ. ಇದೂ ದೊಡ್ಡ ದೇವರಾಜ ಒಡೆಯರ ಕಾಲದ್ದೇ. ಕೊರಳಲ್ಲಿ ಗಂಟೆ ಸರ, ಮುಖದಲ್ಲಿ ಅವಸರವೇ ಇಲ್ಲ. ಸಮಯ ಸಾಲದ ದಿನ ನಾನು ಇಲ್ಲಿಂದಲೇ ವಾಪಸ್. ‘ಪೂರ್ತಿ ಹತ್ತಲಿಲ್ಲ’ ಅನ್ನೋ ಕೊರಗು ಬೇಡ, ನಂದಿ ದರ್ಶನವೂ ದರ್ಶನವೇ.

ಇಳಿಯೋದು ಹತ್ತೋದಕ್ಕಿಂತ ಕಷ್ಟ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಮರುದಿನ ನಡೆಯಲಾಗದ ನೋವು ಬರೋದು ಇದರಿಂದಲೇ. ಕೆಳಹೊಟ್ಟೆ, ಸೊಂಟದ ಮೇಲೆ ಬೀಳುವ ಹೊಡೆತವೂ ಇಳಿಯುವಾಗಲೇ ಜಾಸ್ತಿ. ಹಾಗಾಗಿ ಓಡಿ ಇಳಿಯಬೇಡಿ. ಇನ್ನೂ ಒಳ್ಳೆಯ ದಾರಿ, ಬಸ್ಸು. ಯಾರಾದರೂ ಪಾದಕ್ಕೆ ಬಿಟ್ಟುಹೋದರೆ ಅಥವಾ ಆಟೋದಲ್ಲಿ ಬಂದರೆ, ಹತ್ತಿಬಿಟ್ಟು ಮೇಲಿನಿಂದ ಸಿಟಿ ಬಸ್ ಸ್ಟಾಂಡಿಗೆ ಹೋಗುವ 201 ಬಸ್ ಹಿಡಿಯಬಹುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಕಾಸೂ ಇಲ್ಲ, ಗುರುತಿನ ಚೀಟಿ ಇದ್ದರಾಯಿತು. ಬೆಟ್ಟ ಹತ್ತಿ ಬಸ್ಸಲ್ಲಿ ಇಳಿಯುವ ರನ್ನರ್ ಅಂತ ನನ್ನ ಗಂಡ ನಗುತ್ತಾನೆ, ನಗಲಿ.

ಒಂದು ಮಾತು. ಈ ಹಾದಿ ಭಕ್ತರದ್ದು. ಕುಂಕುಮ ಹಚ್ಚುತ್ತಾ ಬರುವವರ ಪಕ್ಕದಲ್ಲಿ ಧೂಳೆಬ್ಬಿಸಿ ನುಗ್ಗಬಾರದು. ‘ಸ್ವಲ್ಪ ದಾರಿ ಕೊಡಿ ಅಮ್ಮ’ ಅಂದರೆ ಎಲ್ಲರೂ ಕೊಡುತ್ತಾರೆ, ಕೆಲವರು ‘ನಿಧಾನ ಕಣಮ್ಮ’ ಅಂತ ಹರಸುತ್ತಾರೆ. ಮೆಟ್ಟಿಲು ಬಿಟ್ಟು ಪಕ್ಕದ ಕಾಡಲ್ಲಿ ಹೊಸ ಕಾಲುದಾರಿ ಮಾಡಬೇಡಿ. 2021ರ ಅಕ್ಟೋಬರ್ ಮಳೆಗೆ ನಂದಿ ಕಡೆಯ ರಸ್ತೆ ಕುಸಿದದ್ದು ಮೈಸೂರಿನವರಿಗೆ ನೆನಪಿರುತ್ತೆ. ಈ ಬೆಟ್ಟದ ಮಣ್ಣು ನಾವು ಅಂದುಕೊಂಡಷ್ಟು ಗಟ್ಟಿ ಅಲ್ಲ.

ಬೆಳಗು ಯಾರದು?

ಶೂ ಸಿಗುತ್ತೆ, ದೀಪ ಸಿಗುತ್ತೆ. ಸಿಗದೇ ಇರೋದು ಬೆಳಗು. ಇದನ್ನ ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಬರೀ ಕ್ಯಾಟಲಾಗ್ ಆಗುತ್ತೆ.

ಮಗುವಿಗೆ ಎರಡು ತಿಂಗಳಾಗುವ ಹೊತ್ತಿಗೆ ನನ್ನ ಗಂಡ ಮತ್ತೆ ಓಡಲು ಶುರು ಮಾಡಿದ್ದ. ಭಾನುವಾರ ಗೆಳೆಯರ ಗುಂಪು, ಹದಿನೈದು ಕಿಲೋಮೀಟರ್, ಆಮೇಲೆ ದೋಸೆ. ಯಾರೂ ಏನೂ ಕೇಳಲಿಲ್ಲ. ಗಂಡಸು ಕೆಲಸ ಮಾಡ್ತಾನೆ, ಓಡ್ತಾನೆ. ನಾನು ‘ಬೆಳಗ್ಗೆ ಒಂದು ಗಂಟೆ ಹೋಗಿಬರ್ತೀನಿ’ ಅಂದ ದಿನ ಮನೆಯಲ್ಲಿ ಮೂರು ಪ್ರಶ್ನೆ ಬಂತು. ಮಗು ಎದ್ದರೆ? ಹಾಲು ಕಮ್ಮಿಯಾದರೆ? ಒಬ್ಬಳೇ ಹೋಗೋದಾ? ಅವನದು ಓಟ, ನನ್ನದು ಅನುಮತಿ.

ಪ್ರಶ್ನೆ ಕೇಳಿದ್ದು ಅತ್ತೆ. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಅವರ ಬಾಣಂತನದಲ್ಲಿ ಅವರನ್ನ ಯಾರೂ ಹೀಗೆ ನೋಡಿಕೊಂಡಿರಲಿಲ್ಲವಂತೆ. ಹಾಲಿನ ಪ್ರಶ್ನೆಗೆ ಡಾಕ್ಟರೇ ಉತ್ತರ ಕೊಟ್ಟರು: ಹೊಟ್ಟೆ ತುಂಬ ತಿಂದು, ನೀರು ಕುಡಿದು, ಹದವಾಗಿ ವ್ಯಾಯಾಮ ಮಾಡಿದರೆ ಹಾಲೂ ಕಮ್ಮಿಯಾಗಲ್ಲ, ಮಗುವಿಗೂ ತೊಂದರೆ ಇಲ್ಲ. ಅತ್ತೆ ಪೂರ್ತಿ ಒಪ್ಪಲಿಲ್ಲ. ಬೆಟ್ಟದ ಮಾತು ಬಂದಾಗ ಮಾತ್ರ ದನಿ ಬದಲಾಯಿತು. ‘ಬೆಟ್ಟಕ್ಕೆ ಹೋಗ್ತೀನಿ ಅನ್ನು, ಬೇಡ ಅನ್ನಲ್ಲ. ತಾಯಿ ಸನ್ನಿಧಿ. ಓಡೋದು ಯಾಕಮ್ಮ?’ ಅಂದರು. ಆಷಾಢ ಶುಕ್ರವಾರ ಮೆಟ್ಟಿಲು ಹತ್ತಿ ಹೋಗುವ ಅಭ್ಯಾಸ ಅವರಿಗೆ ಮದುವೆಯಾದಾಗಿನಿಂದ ಇದೆ. ಅವರ ಮಟ್ಟಿಗೆ ಸಾವಿರ ಮೆಟ್ಟಿಲು ವ್ಯಾಯಾಮ ಅಲ್ಲ, ಹಾಗಾಗಿ ಬಾಣಂತಿಗೂ ನಿಷಿದ್ಧ ಅಲ್ಲ. ಈಗಲೂ ನಾನು ಅವರಿಗೆ ‘ಬೆಟ್ಟಕ್ಕೆ ಹೋಗಿಬರ್ತೀನಿ ಅತ್ತೆ’ ಅಂತಲೇ ಹೇಳೋದು. ಸುಳ್ಳೇನೂ ಅಲ್ಲವಲ್ಲ.

ಗಂಡನ ಜೊತೆಗಿನ ಮಾತು ಅಷ್ಟು ಸಲೀಸಾಗಿ ಮುಗಿಯಲಿಲ್ಲ. 26 ವಾರಗಳ ಹೆರಿಗೆ ರಜೆ ಮುಗಿದು ನಾನು ಆಫೀಸಿಗೆ ಹೊರಟ ಮೇಲೆ ಜಗಳ ಶುರುವಾಯಿತು. ‘ನೀನು ಯಾವಾಗ ಬೇಕಾದರೂ ಹೋಗು, ನಾನು ಹೆಲ್ಪ್ ಮಾಡ್ತೀನಲ್ಲ’ ಅನ್ನುತ್ತಿದ್ದ. ಆ ‘ಹೆಲ್ಪ್’ ಅನ್ನೋ ಪದದಲ್ಲೇ ತಕರಾರು. ಹೆಲ್ಪ್ ಅಂದರೆ ಕೆಲಸ ನನ್ನದು, ಅವನು ಉಪಕಾರ ಮಾಡುತ್ತಾನೆ ಅಂತ. ಅವನನ್ನೊಬ್ಬನನ್ನೇ ದೂರಿಯೂ ಪ್ರಯೋಜನ ಇಲ್ಲ. ಅಮ್ಮನಿಗೆ ಕಾನೂನಿನಲ್ಲೇ 26 ವಾರ ಇದೆ. ಕೇಂದ್ರ ಸರ್ಕಾರಿ ನೌಕರನಾದ ಅಪ್ಪನಿಗೆ 15 ದಿನ. ಖಾಸಗಿ ಕಂಪನಿಯ ಅಪ್ಪನಿಗೆ ಕಂಪನಿ ಕೊಟ್ಟಷ್ಟು. ಮಗು ನೋಡಿಕೊಳ್ಳೋದು ಯಾರ ಕೆಲಸ ಅನ್ನೋದನ್ನ ಮೊದಲ ತಿಂಗಳುಗಳಲ್ಲೇ ತೀರ್ಮಾನ ಮಾಡಿ ಕೊಟ್ಟಿರುತ್ತಾರೆ. ಆಮೇಲೆ ಅದನ್ನ ಬದಲಿಸಬೇಕಾದ್ದು ಗಂಡ-ಹೆಂಡತಿ.

ನಾವು ಬದಲಿಸಿದ್ದು ಹೀಗೆ. ಫ್ರಿಜ್ ಮೇಲೆ ಒಂದು ಕ್ಯಾಲೆಂಡರ್. ಮಂಗಳವಾರ, ಶನಿವಾರ ನನ್ನ ಬೆಳಗು. ಗುರುವಾರ, ಭಾನುವಾರ ಅವನದು. ಚಳಿಗಾಲದಲ್ಲಿ ಭಾನುವಾರ ಮಾತ್ರ ಒಂದು ವಾರ ಅವನಿಗೆ, ಒಂದು ವಾರ ನನಗೆ. ಯಾರದು ಬೆಳಗೋ ಅವರು ಯಾರನ್ನೂ ಕೇಳಬೇಕಾಗಿಲ್ಲ. ಮಿಕ್ಕವರು ಐದರಿಂದ ಏಳೂವರೆವರೆಗೆ ಮಗುವಿನ ಪೂರ್ತಿ ಜವಾಬ್ದಾರಿ, ಎದ್ದರೂ ಸರಿ, ವಾಂತಿ ಮಾಡಿಕೊಂಡರೂ ಸರಿ, ‘ವೈಪ್ಸ್ ಎಲ್ಲಿದೆ?’ ಅಂತ ಫೋನ್ ಮಾಡುವ ಹಾಗಿಲ್ಲ. ಮಗುವಿಗೆ ಜ್ವರ ಇದ್ದರೆ ಇಬ್ಬರ ಓಟವೂ ರದ್ದು. ತಪ್ಪಿಹೋದ ಬೆಳಗನ್ನ ಮುಂದಿನ ವಾರ ವಾಪಸ್ ಕೊಡಬೇಕು.

ಮೊದಲ ತಿಂಗಳು ಎರಡು ಸಲ ಫೋನ್ ಬಂತು. ಈಗ ಬರಲ್ಲ. ಒಂದು ಮಂಗಳವಾರ ಮನೆಗೆ ಬಂದಾಗ ಮಗಳು ಅಪ್ಪನ ತೊಡೆ ಮೇಲೆ ಕೂತು ರಾಗಿ ಸರಿ ಮೆತ್ತಿಕೊಂಡಿದ್ದಳು. ನನ್ನನ್ನ ನೋಡಿ ನಕ್ಕಳು, ಅಪ್ಪನ ತೊಡೆಯಿಂದ ಇಳಿಯಲಿಲ್ಲ. ಒಂದು ಕ್ಷಣ ಚುರುಕ್ ಅಂತು, ನಿಜ. ಆಮೇಲೆ ಸ್ನಾನಕ್ಕೆ ಹೋಗಿ ಬಿಸಿನೀರಲ್ಲಿ ಹತ್ತು ನಿಮಿಷ ನಿಂತೆ. ಹೆರಿಗೆಯಾದ ಮೇಲೆ ಅವಸರ ಇಲ್ಲದ ಮೊದಲ ಸ್ನಾನ ಅದು.

ಮಗುವನ್ನೂ ಕರ್ಕೊಂಡು

ಎದೆಗೆ ಕಟ್ಟುವ ಅಥವಾ ಬೆನ್ನಿಗೆ ಹಾಕುವ ಕ್ಯಾರಿಯರ್‌ನಲ್ಲಿ ಮಗುವನ್ನ ಇಟ್ಟುಕೊಂಡು ಓಡಬಾರದು. ಎಷ್ಟೇ ನಿಧಾನವಾದರೂ ಬೇಡ. ಎಳೆಯ ಕತ್ತಿಗೆ ಆ ಕುಲುಕಾಟ ತಡೆಯಲ್ಲ, ಎಡವಿದರೆ ಮಗುವಿನ ಮೇಲೆಯೇ ಬೀಳ್ತೀವಿ. ಚೌಕಟ್ಟಿರುವ ಬೆನ್ನಿನ ಕ್ಯಾರಿಯರ್ ಕೂಡ ಮಗು ತಾನಾಗಿ ಚೆನ್ನಾಗಿ ಕೂರಲು ಕಲಿತ ಮೇಲೆ, ನಡಿಗೆಗೆ ಮಾತ್ರ. ಲೇಬಲ್ ಮೇಲೆ ತೂಕದ ಮಿತಿ ಬರೆದಿರುತ್ತೆ, ನೋಡಿ. ಅದನ್ನ ಹಾಕಿಕೊಂಡು ಬೆಟ್ಟದ ಮೆಟ್ಟಿಲು ಇಳಿಯೋದು ನಮ್ಮಿಬ್ಬರಿಗೂ ಧೈರ್ಯ ಬಂದಿಲ್ಲ.

ಮೂರು ಚಕ್ರದ ಓಟದ ಸ್ಟ್ರಾಲರ್ ಆದರೆ ಮಗುವಿಗೆ ಕನಿಷ್ಠ ಆರರಿಂದ ಎಂಟು ತಿಂಗಳಾಗಿರಬೇಕು ಅಂತ ಬಹಳಷ್ಟು ತಯಾರಕರು ಹೇಳುತ್ತಾರೆ. ನಮ್ಮ ಫುಟ್‌ಪಾತ್‌ಗಳನ್ನ ನೆನೆಸಿಕೊಂಡು ನಾವು ಕೊಳ್ಳಲಿಲ್ಲ.

ತಿಂಗಳಿಗೊಂದು ಭಾನುವಾರ ಎಲ್ಲರೂ ಕುಕ್ಕರಹಳ್ಳಿಗೆ ಹೋಗುತ್ತೀವಿ. ಅತ್ತೆ ಬೆಂಚಿನ ಮೇಲೆ ಮಗು ಹಿಡಿದು ಕೂರುತ್ತಾರೆ. ನಾವಿಬ್ಬರೂ ಒಂದು ಸುತ್ತು ಒಟ್ಟಿಗೆ ಓಡುತ್ತೀವಿ. ಮದುವೆಗೆ ಮುಂಚೆ ಜೊತೆಯಲ್ಲಿ ಓಡುತ್ತಿದ್ದವರು ನಾವು. ಅದು ಮತ್ತೆ ಸಿಕ್ಕಿದ್ದು ಅತ್ತೆಯ ಅರ್ಧ ಗಂಟೆಯಿಂದ. ಅಜ್ಜಿ ಮೊಮ್ಮಗಳಿಗೆ ‘ಹಕ್ಕಿ ನೋಡು, ಹಕ್ಕಿ’ ಅನ್ನುತ್ತಿರುತ್ತಾರೆ. ಮಗಳು ಈಗ ಹೆಜ್ಜಾರ್ಲೆಗೂ ‘ಕಾಕಾ’ ಅನ್ನುತ್ತಾಳೆ.

ಹೊರಡುವ ಮುನ್ನ

• ಆಷಾಢ ಶುಕ್ರವಾರ, ಚಾಮುಂಡೇಶ್ವರಿ ವರ್ಧಂತಿ, ದಸರಾ ದಿನಗಳಲ್ಲಿ ಮೆಟ್ಟಿಲು ತುಂಬಿರುತ್ತೆ. ಆ ದಿನ ಭಕ್ತರಾಗಿ ಹೋಗಿ, ಓಡಲು ಬೇಡ.

• ಕೆರೆಗಳ ಗೇಟ್ ಬೆಳಗ್ಗೆ, ಸಂಜೆ ನಿಗದಿತ ಹೊತ್ತಿನಲ್ಲಿ ಮಾತ್ರ ತೆರೆದಿರುತ್ತೆ. ಬಸ್ಸಿನ ಸಮಯವನ್ನೂ ಮೊದಲೇ ವಿಚಾರಿಸಿ.

• ಬೆಳಕು ಬಂದ ಮೇಲೆ ಹತ್ತಿ. ಹೆಂಗಸರು ಒಬ್ಬರೇ ಹೋಗುವುದಾದರೆ ಜನ ಓಡಾಡುವ ಹೊತ್ತು ನೋಡಿಕೊಳ್ಳಿ, ಮನೆಯವರಿಗೆ ಲೈವ್ ಲೊಕೇಶನ್ ಕಳಿಸಿ.

• ಕೋತಿಗಳಿವೆ. ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ.

• ಜೋರು ಮಳೆ ಬಂದ ಮರುದಿನ ಬೆಟ್ಟ ಬಿಟ್ಟು ಕೆರೆಗೆ ಹೋಗಿ. ಒದ್ದೆ ಕಲ್ಲಿಗೆ ಯಾವ ಶೂವೂ ಭರವಸೆ ಅಲ್ಲ.

• ಸುಸ್ತು ಹೋಗುತ್ತಲೇ ಇಲ್ಲ ಅನ್ನಿಸಿದರೆ ರಕ್ತದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹೆರಿಗೆಯ ನಂತರ ರಕ್ತಹೀನತೆ ಸಾಮಾನ್ಯ.

• ಚೀಲ ರಾತ್ರಿಯೇ ತುಂಬಿಡಿ. ಕ್ಯಾಲೆಂಡರಿನಲ್ಲಿ ನಿಮ್ಮ ಬೆಳಗು ಯಾವುದು ಅಂತ ಬರೆದಿಡಿ, ಪೆನ್ಸಿಲ್‌ನಲ್ಲಲ್ಲ, ಪೆನ್ನಿನಲ್ಲಿ.